ರೊಟ್ಟಿ ಬುಟ್ಟಿಯ ಚಕ್ರವರ್ತಿ

ಸಿಂದಗಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯವನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಂಡು ಬಂದಿದ್ದ ಪರಪ್ಪ ಮಸೂತಿ ಎಂಬಾತನಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ವಿದ್ವತ್ತು ಬಂತು. ಬರಲು ಅದಕ್ಕೆ ಎರಡು ದಿನ ಹಿಡಿಯಿತು. ವಿಜಯಪುರದಲ್ಲಿ ಹಳೆಯ ನಾಣ್ಯಗಳನ್ನು ಗುರುತಿಸುವ ಶಿಬಿರವೊಂದು ನಡೆದಿತ್ತು. ಮೊದಲ ದಿನದ ಅರ್ಧ ಉದ್ಘಾಟನೆಗೆ ಹೋಯಿತು, ಎರಡನೆಯ ದಿನದ ಅರ್ಧ ಸಮಾರೋಪಕ್ಕೆ ಹೋಯಿತು. ನಡುವೆ ಉಳಿದದ್ದರಲ್ಲಿ ಪರಪ್ಪ ನಾಣ್ಯಶಾಸ್ತ್ರ ಕಲಿತ. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಪ್ರಯೋಗಾಲಯದ ಗೋಡೆಯ ಮೇಲೆ ವಾಯುಭಾರಮಾಪಕಕ್ಕೂ ಮರಳಿನ ಕೆಂಪು ಬಕೆಟ್ಟಿಗೂ ನಡುವೆ, ರಸಮಟ್ಟ ಹಿಡಿದು ನೋಡಿ ತೂಗುಹಾಕಿದ.

ಸುದ್ದಿ ಹಬ್ಬಿತು. ಇಂಡಿಯಿಂದ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರು ತಾತನ ಕಾಲದ ಬೆಳ್ಳಿ ರೂಪಾಯಿ ತಂದರು. ಬಸವನ ಬಾಗೇವಾಡಿಯಿಂದ ಬಸ್ ಕಂಡಕ್ಟರೊಬ್ಬರು ಯಾರೋ ಟಿಕೆಟ್ಟಿಗೆ ಕೊಟ್ಟುಹೋದ ತಾಮ್ರದ ತುಂಡು ತಂದರು. ಪರಪ್ಪನದು ಒಂದೇ ಪದ್ಧತಿ. ಕಾಲೇಜಿನ ತಕ್ಕಡಿಯಲ್ಲಿ ಮಿಲಿಗ್ರಾಂವರೆಗೆ ತೂಗುವುದು, ವರ್ನಿಯರ್ ಹಿಡಿದು ಅಡ್ಡಳತೆ ತೆಗೆಯುವುದು, ಭೂತಗನ್ನಡಿಯಲ್ಲಿ ಎರಡೂ ಬದಿ ನೋಡುವುದು, ಅರ್ಧ ನಿಮಿಷ ಕಣ್ಣು ಮುಚ್ಚಿ ಕೂರುವುದು, ಆಮೇಲೆ “ಇದು ಹಳೇದು ಐತ್ರಿ” ಎನ್ನುವುದು. ಈ ತೀರ್ಪು ಒಂದು ಸಲವೂ ಸುಳ್ಳಾಗಿರಲಿಲ್ಲ.

ಆದರೆ ಪರಪ್ಪನ ಮನಸ್ಸು ಇದ್ದದ್ದು ಬೇರೆ ಕಡೆ. ಶಿಬಿರದಲ್ಲಿ ಪಾಠ ಮಾಡಿದ ಹಿರಿಯರು ಊಟಕ್ಕೆ ಬಿಡುವ ಮುನ್ನ ಒಂದು ಚಿತ್ರ ತೋರಿಸಿದ್ದರು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು ಆಳಿದ ಕೊನೆಗಾಲದ ರೋಮನ್ ಚಕ್ರವರ್ತಿಗಳ ಬಂಗಾರದ ನಾಣ್ಯ. “ಇಂಥವು ಹಡಗು ಹತ್ತಿ ದಕ್ಷಿಣಕ್ಕೂ ಬಂದವು. ನಮ್ಮವರು ಅದನ್ನು ಖರ್ಚು ಮಾಡಲಿಲ್ಲ. ಚಕ್ರವರ್ತಿಯ ತಲೆಯ ಮೇಲೆ ಎರಡು ತೂತು ಕೊರೆದು ಕೊರಳಿಗೆ ಕಟ್ಟಿಕೊಂಡರು. ನಿಮ್ಮ ತಾಲೂಕುಗಳಲ್ಲಿ ಯಾರಿಗಾದರೂ ಕಣ್ಣಿಗೆ ಬಿದ್ದರೆ ತಿಳಿಸಿ. ಪತ್ರಿಕೆಯಲ್ಲಿ ನಿಮ್ಮ ಹೆಸರಿನೊಂದಿಗೆ ಅಚ್ಚು ಹಾಕಿಸುತ್ತೇನೆ” ಎಂದಿದ್ದರು.

ನಿಮ್ಮ ಹೆಸರಿನೊಂದಿಗೆ ಎಂಬ ಮಾತು ಪರಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಅವನ ಹೆಸರು ಅದುವರೆಗೆ ಅಚ್ಚಾಗಿದ್ದು ಎರಡೇ ಕಡೆ, ಲಗ್ನಪತ್ರಿಕೆಯಲ್ಲಿ ಮತ್ತು ಮತದಾರರ ಪಟ್ಟಿಯಲ್ಲಿ. ಎರಡನೆಯದರಲ್ಲಿ ಅವನ ಲಿಂಗ ಸ್ತ್ರೀ ಎಂದಿತ್ತು. ಅವನು ಆ ನಾಣ್ಯಗಳ ಪಟ್ಟಿಯ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ, ಸುರುಳಿ ಕಟ್ಟಿಸಿ, ದಿನವೂ ಓದತೊಡಗಿದ. ಎದುರು ಮುಖ, ತಲೆಗೆ ಶಿರಸ್ತ್ರಾಣ, ಹೆಗಲ ಮೇಲೆ ಈಟಿ, ಎಡಕ್ಕೆ ಢಾಲು. ಹಿಂಬದಿಯಲ್ಲಿ ರೆಕ್ಕೆಯ ವಿಜಯದೇವತೆ. ತೂಕ ನಾಲ್ಕೂವರೆ ಗ್ರಾಂ. ಹಲ್ಲುಜ್ಜುವಾಗಲೂ ಇದನ್ನೇ ಗುನುಗುತ್ತಿದ್ದ. ಹೆಂಡತಿ ಸುವರ್ಣಾ ಮೊದಲೆರಡು ದಿನ ಯಾವುದೋ ಮಂತ್ರವೆಂದು ಸುಮ್ಮನಿದ್ದಳು.

ಚಕ್ರವರ್ತಿ ಸಿಕ್ಕಿದ್ದು ಎಳ್ಳಮಾವಾಸ್ಯೆಯ ದಿನ.

ಸುವರ್ಣಾಳ ತವರು ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯ ಮೊದಲ ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವುದು ವಾಡಿಕೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವೂ ಎಲೆಗೆ ಬಿದ್ದಿದ್ದವು. ಆದರೆ ಯಾರೂ ಕೈ ಹಾಕುವಂತಿರಲಿಲ್ಲ. ಸುವರ್ಣಾಳ ಅಜ್ಜಿ ಸಿದ್ದಲಿಂಗವ್ವ, ಎಂಬತ್ತಕ್ಕೆ ಒಂದು ಕಡಿಮೆ ವಯಸ್ಸಿನವರು, ಮನೆಯವರೆಲ್ಲರ ಬಾಯಲ್ಲಿ ಆಯಿ, ಕುಪ್ಪಸದೊಳಗಿಂದ ಕರಿದಾರವೊಂದನ್ನು ಎಳೆದು ತೆಗೆದರು. ಅದರಲ್ಲಿದ್ದ ದುಂಡನೆಯ ಬಂಗಾರದ ಬಿಲ್ಲೆಯನ್ನು ಬಿಡಿಸಿ, ಮುತ್ತಲ ಎಲೆಯ ಮೇಲೆ ರೊಟ್ಟಿಯ ಪಕ್ಕ ಇಟ್ಟು, “ಉಣ್ಣವ್ವ ಅಕ್ಕ” ಎಂದರು.

ಆಯಿಯ ಕೊರಳಲ್ಲಿ ಏನೋ ಇದೆಯೆಂದು ಪರಪ್ಪನಿಗೆ ಇಪ್ಪತ್ತಮೂರು ವರ್ಷಗಳಿಂದ ಗೊತ್ತಿತ್ತು. ಆದರೆ ಹೆಂಡತಿಯ ಅಜ್ಜಿಯ ಕೊರಳನ್ನು ಬಗ್ಗಿ ನೋಡುವುದು ಅಳಿಯನ ಪಠ್ಯಕ್ರಮದಲ್ಲಿ ಬರುವುದಿಲ್ಲ. ಹಿರಿಯ ಹೆಂಡತಿ ತೀರಿಹೋದ ಮನೆಗೆ ಎರಡನೆಯವಳಾಗಿ ಬಂದ ಸೊಸೆಯ ಕೊರಳಿಗೆ ಹಿರಿಯಾಕೆಯ ಮುಖವನ್ನು ಬಂಗಾರದಲ್ಲಿ ಕಟ್ಟುವುದು ಹಿಂದಿನವರ ಪದ್ಧತಿ. ಹಿರಿಯಾಕೆಗೆ ಮೊದಲ ಎಡೆ, ಮೊದಲ ಸೀರೆ, ಮೊದಲ ಮಾತು. ಹಾಗೆ ನಡೆದುಕೊಂಡರೆ ಅವಳು ಮುನಿಯುವುದಿಲ್ಲ. ಆಯಿಗಿಂತ ಮೊದಲು ಆ ಮನೆಗೆ ಬಂದಿದ್ದ ನೀಲವ್ವ ಎಂಬಾಕೆ ಎರಡೇ ವರ್ಷಕ್ಕೆ ಜ್ವರದಲ್ಲಿ ಹೋಗಿದ್ದಳು. ಹದಿನೇಳರ ಸಿದ್ದಲಿಂಗವ್ವ ಹೊಸ್ತಿಲು ದಾಟಿದ ದಿನ ಅತ್ತೆ ಹಳೆಯ ಪೆಟ್ಟಿಗೆಯಿಂದ ಈ ಬಿಲ್ಲೆ ತೆಗೆದು ಕಟ್ಟಿ, “ಇಕಿ ನಿನ್ನ ಅಕ್ಕ” ಎಂದಿದ್ದರಂತೆ. ಪೆಟ್ಟಿಗೆಗೆ ಅದು ಎಲ್ಲಿಂದ ಬಂತೆಂದು ಸೊಸೆ ಕೇಳಲಿಲ್ಲ. ಆ ಕಾಲದ ಸೊಸೆಯರು ಉಪ್ಪು ಎಲ್ಲಿದೆಯೆಂದೂ ಕೇಳುತ್ತಿರಲಿಲ್ಲ.

ಅಂದಿನಿಂದ ಅರವತ್ತೆರಡು ವರ್ಷ ಆ ಮನೆಯಲ್ಲಿ ಅಕ್ಕನನ್ನು ಕೇಳದೆ ಏನೂ ನಡೆದಿರಲಿಲ್ಲ. ಎತ್ತು ಮಾರುವುದು, ಬಾವಿ ತೋಡುವುದು, ಹೆಣ್ಣು ಕೊಡುವುದು. ಸುವರ್ಣಾಳನ್ನು ಪರಪ್ಪನಿಗೆ ಕೊಡುವ ಮಾತು ಬಂದಾಗಲೂ ಕೇಳಲಾಗಿತ್ತು. ಅಕ್ಕ ಎರಡು ದಿನ ಸುಮ್ಮನಿದ್ದು ಆಮೇಲೆ ಒಪ್ಪಿದಳಂತೆ. ಆ ಎರಡು ದಿನದ ಬಗ್ಗೆ ಪರಪ್ಪನಿಗೆ ಈಗಲೂ ಸಣ್ಣ ಅಸಮಾಧಾನವಿದೆ.

ಈಗ ಅವನು ಹೋಳಿಗೆಗೆ ತುಪ್ಪ ಸಾಲದೆಂದು ತಲೆಯೆತ್ತಿದವನು, ಬಿಲ್ಲೆಯ ಮೇಲ್ಭಾಗದಲ್ಲಿ ಅಕ್ಕಪಕ್ಕ ಎರಡು ತೂತು ಕಂಡ. ತೂತಿನ ಕೆಳಗೆ ಎದುರು ಮುಖ, ಅಂಚಿಗೆ ಅಕ್ಷರಗಳ ಸಾಲು. ಹೆಗಲ ಮೇಲೆ ಈಟಿ. ತುಪ್ಪದ ಗಿಂಡಿ ಸುವರ್ಣಾಳ ಸೀರೆಯ ಮೇಲೆ ಉರುಳಿತು.

“ಆಯಿ,” ಎಂದ ಪರಪ್ಪ. “ಇವ್ರು ಅಕ್ಕ ಅಲ್ರಿ.”

“ಮತ್ತ ಯಾರು, ತಂಗಿಯೇನು?”

“ಇದು ಗಂಡಸ್ರಿ. ರೋಮನ್ ಚಕ್ರವರ್ತಿ. ಅನಸ್ತಾಸಿಯಸ್ ಅಂತ ಹೆಸರು.”

ನೆರೆಮನೆಯ ಇಂದ್ರಾಬಾಯಿ, ಆಯಿಯ ಓರಗೆಯವರು, ಐವತ್ತು ವರ್ಷಗಳಿಂದ ಇಂಥದೊಂದು ಗಳಿಗೆಗೆ ಕಾದಿದ್ದವರಂತೆ ಕೈಲಿದ್ದ ತಂಬಿಗೆ ಕೆಳಗಿಟ್ಟರು.

“ಏ ಸಿದ್ದಲಿಂಗಿ, ಅರವತ್ತೆರಡು ವರ್ಷ ಪರಗಂಡಸನ್ನ ಕೊಳ್ಳಾಗ ಕಟ್ಕೊಂಡು ತಿರಿಗಿದ್ಯಲ್ಲ. ಮ್ಯಾಲ ನನಗ ಸೆರಗು ಸರಿ ಮಾಡ್ಕೋ ಅಂತ ಬುದ್ಧಿ ಹೇಳ್ತಿದ್ದಿ.”

ಆಯಿ ಅತ್ತ ನೋಡಲೂ ಇಲ್ಲ. “ಅಳಿಯಂದ್ರ, ನೀವು ಸಾಲಿ ಕಲ್ತವ್ರು. ನಮ್ಮ ಅಕ್ಕನ್ನ ನೀವು ನೋಡೀರೇನು?”

“ಇಲ್ರಿ. ನೀವರೆ ನೋಡೀರೇನ್ರಿ?”

“ನಾ ದಿನಾ ನೋಡ್ತೇನಲ್ಲ.”

ಪರಪ್ಪ ಪುರಾವೆಗೆ ಇಳಿದ. ಕಡ್ಡಿಯೊಂದನ್ನು ಹಿಡಿದು ತೋರಿಸಿದ. “ತಲಿ ಮ್ಯಾಲ ನೋಡ್ರಿ, ಶಿರಸ್ತ್ರಾಣ.”

“ಅದು ಸಿಂಬಿ. ಬುಟ್ಟಿ ಹೊರೂ ಹೆಣ್ಮಗಳ ತಲಿ ಮ್ಯಾಲ ಸಿಂಬಿ ಇರದ ಮತ್ತೇನ್ ಇರ್ತೈತಿ?”

“ಬುಟ್ಟಿ ಎಲ್ಲೈತ್ರಿ ಮತ್ತ?”

“ಬಗಲಾಗ ಐತಿ ನೋಡ್ರಿ. ಹೊಲ ಬಂತು, ತಲಿ ಮ್ಯಾಗಿಂದು ಇಳಿಸಿ ಬಗಲಾಗ ಹಿಡಿದಾಳ. ರೊಟ್ಟಿ ಬುಟ್ಟಿ.”

“ಅದು ಢಾಲು ಆಯಿ. ಈ ಕಡಿ ಈಟಿ.”

“ಒನಕಿ.”

“ಹೊಲಕ್ಕ ಒನಕಿ ಯಾಕ ಒಯ್ತಾರ್ರಿ ಯಾರರೆ?”

ಆಯಿ ಈಗ ನೆರೆಯಾಕೆಯತ್ತ ತಿರುಗಿದರು. “ಇಂದ್ರಾಬಾಯಿ ಅಂಥಾರು ಇಸಗೊಂಡು ಹೋಗಿ ತಿರುಗಿ ಕೊಡೂದಿಲ್ಲ. ಹಾದ್ಯಾಗ ಹೊಳ್ಳಿ ಇಸಗೊಂಡು ಬಂದಿರಬೇಕು.”

ಪರಪ್ಪ ಬಿಲ್ಲೆಯನ್ನು ತಿರುಗಿಸಿದ. “ಹಿಂದ ರೆಕ್ಕಿ ಇರೂ ದೇವತಿ ಐತಿ. ಇದಕ್ಕೇನಂತೀರಿ?”

“ಅದು ಅಕ್ಕನ ಜೀವ,” ಎಂದರು ಆಯಿ. “ಮ್ಯಾಲ ಹೋಗೂವಾಗ.”

ಇದಕ್ಕೆ ಇಂದ್ರಾಬಾಯಿಯೂ ನಗಲಿಲ್ಲ.

ಆದರೆ ಪರಪ್ಪನಿಗೆ ಪತ್ರಿಕೆ ಕಾಣತೊಡಗಿತ್ತು, ಪತ್ರಿಕೆಯಲ್ಲಿ ಹೆಸರು ಕಾಣತೊಡಗಿತ್ತು. ಒಂದೇ ಒಂದು ಚಿತ್ರ ತೆಗೆದುಕೊಳ್ಳಲೇ ಎಂದು ಕೇಳಿದ. ಅಕ್ಕ ಉಂಡ ಮೇಲೆ ತೆಗೆದುಕೊಳ್ಳಿ ಎಂದು ಅಪ್ಪಣೆಯಾಯಿತು. ಬಂಗಾರದ ಚಿತ್ರಕ್ಕೆ ಹಿನ್ನೆಲೆ ಕಪ್ಪಗಿರಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇರಬೇಕು ಎಂದು ಪುಸ್ತಕದಲ್ಲಿ ಬರೆದಿತ್ತು. ತಂಗಡಗಿಯ ಎರೆಮಣ್ಣಿಗಿಂತ ಕಪ್ಪಗಿನ ವಸ್ತು ಅಲ್ಲಿ ಇರಲಿಲ್ಲ. ಬಿಲ್ಲೆಯನ್ನು ಎಲೆಯಿಂದ ಎರಡು ಬೆರಳು ಆಚೆ ಸರಿಸಿ, ಹೆಂಟೆ ಒಡೆದು ಸಮ ಮಾಡಿದ ಮಣ್ಣಿನ ಮೇಲಿಟ್ಟು, ಜೇಬಿನ ಸ್ಕೇಲನ್ನು ಪಕ್ಕಕ್ಕಿಟ್ಟು ಚಿತ್ರ ತೆಗೆದ. ನಾಲ್ಕು ತಾಲೂಕಿನ ನಾಣ್ಯಪ್ರಿಯರ ವಾಟ್ಸ್ಆ್ಯಪ್ ಬಳಗಕ್ಕೆ ಅದನ್ನು ಹಾಕಿ, ವಿಜ್ಞಾನಿಗೆ ತಕ್ಕ ಮಿತಭಾಷೆಯಲ್ಲಿ “ತಂಗಡಗಿ. ರೋಮನ್ ಬಂಗಾರ. ವಿವರ ನಂತರ” ಎಂದು ಬರೆದ.

ಸಂಜೆ ಬಸ್ಸಿನಲ್ಲಿ ಸಿಂದಗಿಗೆ ಮರಳುವಾಗ ಬಳಗದಲ್ಲಿ ಮೂವತ್ತೊಂದು ಪ್ರಶ್ನೆಗಳಿದ್ದವು. ಹಳೆಯ ಹಿತ್ತಾಳೆ ಸಾಮಾನು ಕೊಳ್ಳುವ ಇಂಡಿಯ ನಬಿಲಾಲ, “ಸರ್, ಎಷ್ಟು ಆಳದಾಗ ಸಿಕ್ತ್ರಿ?” ಎಂದು ಕೇಳಿದ್ದ. ದೇವರ ಹಿಪ್ಪರಗಿಯವರೊಬ್ಬರು ಅಡ್ಡಳತೆ ಎಷ್ಟೆಂದು ಕೇಳಿದ್ದರು. ಬಸ್ಸು ಕುಣಿಯುತ್ತಿತ್ತು, ಕನ್ನಡಕ ಚೀಲದಲ್ಲಿತ್ತು. ಪರಪ್ಪ ಕೊನೆಯ ಪ್ರಶ್ನೆಯೊಂದಕ್ಕೇ ಉತ್ತರ ಕೊಡುತ್ತಿದ್ದೇನೆಂದು ಭಾವಿಸಿ “ಎರಡು ಸೆಂಟಿಮೀಟರ” ಎಂದು ಹಾಕಿದ. ಅದು ಹೋಗಿ ಕೂತದ್ದು ನಬಿಲಾಲನ ಪ್ರಶ್ನೆಯ ಕೆಳಗೆ.

ಎರಡು ದಿನದಲ್ಲಿ ತಂಗಡಗಿಗೆ ಮಂದಿ ಬಂದರು. ಕಪ್ಪು ಮಣ್ಣಿನ ಮೇಲೆ ಹೊಳೆಯುವ ಬಂಗಾರವನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಆಳವೂ ಗೊತ್ತಿತ್ತು. ಎರಡು ಸೆಂಟಿಮೀಟರಿಗೆ ಜೆಸಿಬಿ ಬೇಡ, ಕಳೆ ತೆಗೆಯುವ ಕುರುಪಿ ಸಾಕು, ಕುರುಪಿ ಇಲ್ಲದವರಿಗೆ ಚಮಚ ಸಾಕು. ಜೋಳದ ಜರಡಿ ಹಿಡಿದು ಬಂದವರಿದ್ದರು. ಆಯಿಯ ಹೊಲಕ್ಕೆ ಹೊಂದಿಕೊಂಡ ಹೊಲದ ಭೀಮು, ತೊಗರಿ ಕಿತ್ತು ಖಾಲಿ ಬಿಟ್ಟಿದ್ದ ತನ್ನ ಮೂರು ಎಕರೆಯನ್ನು ಒಬ್ಬನೇ ಎರಡು ಸಲ ಹರಗಿದ. ಹೊರಗಿನವರು ಕೇಳಿದರೆ “ಹಿಂಗಾರಿಗೆ ಭೂಮಿ ಹದಾ ಮಾಡಾಕತ್ತೇನಿ” ಎನ್ನುತ್ತಿದ್ದ. ಹಿಂಗಾರು ಬಿತ್ತಿ ಮೂರು ತಿಂಗಳಾಗಿತ್ತು.

ಮೂರನೆಯ ದಿನ ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ಮಹಮ್ಮದಹನೀಫ ಬಂದರು. ನಯವಾದ ಮನುಷ್ಯ. ಚಹ ಕುಡಿದು, ಕಪ್ಪನ್ನು ಕಟ್ಟೆಯ ಮೇಲಿಟ್ಟು, ಫೋನಿನಲ್ಲಿದ್ದ ಚಿತ್ರ ತೋರಿಸಿದರು.

“ನೆಲದಾಗ ಹೂತಿದ್ದು ಸಿಕ್ರ ಸರಕಾರಕ್ಕ ತಿಳಿಸಬೇಕಂತ ಕಾಯ್ದೆ ಐತ್ರಿ ಆಯಿ. ಸೋಮವಾರ ಮುದ್ದೇಬಿಹಾಳಕ್ಕ, ತಹಶೀಲ್ದಾರ ಮೇಡಂ ಅವರ ಮುಂದ ತರಬೇಕು.”

“ಯಾರನ್ನ?”

“ನಾಣ್ಯ.”

“ನಾಣ್ಯ ನಮ್ಮನ್ಯಾಗ ಇಲ್ಲ. ಅಕ್ಕ ಇದ್ದಾಳ.”

ಹನೀಫ ತಲಾಟಿ ಚಿತ್ರವನ್ನೂ ಆಯಿಯ ಕೊರಳನ್ನೂ ನೋಡಿದರು. ಎಂಬತ್ತಕ್ಕೆ ಒಂದು ಕಡಿಮೆಯವರ ಕುಪ್ಪಸದಿಂದ ದಾರ ಎಳೆಯುವ ವಿಧಾನ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. “ಅಕ್ಕಾರನ್ನೂ ಕರಕೊಂಡು ಬರ್ರಿ,” ಎಂದರು. “ಅದು ನೆಲದ್ದು ಅಂತ ತೀರ್ಮಾನ ಆದ್ರ ಖಜಾನ್ಯಾಗ ಇಡಬೇಕಾಗ್ತೈತಿ. ನನ್ನ ಕೈಯಾಗ ಏನಿಲ್ರಿ.”

“ಖಜಾನ್ಯಾಗ ಆಕಿಗೆ ಎಡಿ ಯಾರು ಹಿಡಿತಾರ?”

ತಲಾಟಿ ಖಾಲಿ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡರು.

“ಆಕಿ ಉಣ್ಣದ ನಾ ಅರವತ್ತೆರಡು ವರ್ಷ ಒಂದ್ ತುತ್ತು ಬಾಯಾಗ ಇಟ್ಟಿಲ್ಲ. ಇನ್ನೂ ಇಡೂದಿಲ್ಲ. ಖಜಾನ್ಯಾಗ ನನಗೂ ಒಂದು ಚಾಪಿ ಹಾಸಿಡ್ರಿ, ಹನೀಫಪ್ಪ.”

ಆಯಿ ಬೆದರಿಕೆ ಹಾಕಲಿಲ್ಲ, ಮುಂದಿನ ವ್ಯವಸ್ಥೆ ಹೇಳಿದರು ಅಷ್ಟೆ. ಅದರಿಂದಲೇ ಮನೆಯವರಿಗೆಲ್ಲ ಭಯವಾಯಿತು. ಸುವರ್ಣಾ ಸಿಂದಗಿಯಲ್ಲಿ ಗಂಡನ ಮುಂದೆ ತಟ್ಟೆ ಇಟ್ಟು, ಬಡಿಸದೆ ನಿಂತಳು.

“ನಿಮ್ಮ ಹೆಸರು ಅಚ್ಚ ಆಗೂದೇನೂ ತಪ್ಪೂದಿಲ್ಲ ಬಿಡ್ರಿ. ನಮ್ಮ ಆಯಿ ಉಪವಾಸ ಬಿದ್ದು ಹ್ವಾದ್ರ ಪೇಪರಿನಾಗ ಬರ್ತೈತಿ. ಕೆಳಗ ಬರೀತಾರ, ಅಳಿಯಂದ್ರ ಸಂಶೋಧನೆಯಿಂದ ಅಂತ.”

“ನಾ ಎಲ್ಲಿ ನೆಲದಾಗ ಸಿಕ್ತು ಅಂದೆ? ಹಿನ್ನೆಲಿ ಕಪ್ಪಗಿರಬೇಕು ಅಂತ ಪುಸ್ತಕದಾಗ...”

“ಪುಸ್ತಕಾನ ಉಣ್ರಿ.”

ಶುಕ್ರವಾರ ಪರಪ್ಪ ತಂಗಡಗಿಗೆ ಹೋಗಿ, ಬಿಲ್ಲೆಯನ್ನು ಒಂದು ದಿನದ ಮಟ್ಟಿಗೆ ಪರೀಕ್ಷೆಗೆ ಕೊಡಿರೆಂದು ಕೇಳಿದ. ವೈಜ್ಞಾನಿಕ ವರದಿ ಇದ್ದರೆ ಸೋಮವಾರ ಏನಾದರೂ ಹೇಳಬಹುದು. ಅಕ್ಕ ಒಬ್ಬಳೇ ಊರು ಬಿಟ್ಟು ಹೋಗುವವಳಲ್ಲ ಎಂದು ಆಯಿ ತಾವೂ ಹೊರಟರು. ಆಯಿ ಹೊರಟಮೇಲೆ ಇಂದ್ರಾಬಾಯಿ ಉಳಿಯುವ ಹಾಗಿಲ್ಲ. ಹೀಗಾಗಿ ಶನಿವಾರ ಮಧ್ಯಾಹ್ನ, ಕಾಲೇಜು ಬಿಟ್ಟ ಮೇಲೆ, ಸಿಂದಗಿಯ ಪ್ರಯೋಗಾಲಯದಲ್ಲಿ ಇಬ್ಬರು ಮುದುಕಿಯರು ಎತ್ತರದ ಸ್ಟೂಲುಗಳ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

ಪರಪ್ಪ ಮೊದಲು ಬಿಲ್ಲೆಯನ್ನು ಗಾಳಿಯಲ್ಲಿ ತೂಗಿದ. ಮೂರು ಗ್ರಾಂ ಒಂಬೈನೂರ ಹನ್ನೆರಡು ಮಿಲಿಗ್ರಾಂ. ಹುಬ್ಬು ಗಂಟಿಕ್ಕಿತು. ಚಕ್ರವರ್ತಿ ನಾಲ್ಕೂವರೆ ಇರಬೇಕಿತ್ತು. ಮತ್ತೆ ತೂಗಿದ, ಅಷ್ಟೇ. ಕೂದಲೆಳೆಯಂಥ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಗಾಳಿಯಲ್ಲಿನ ತೂಕಕ್ಕಿಂತ ನೀರಿನಲ್ಲಿ ಎಷ್ಟು ಕಡಿಮೆಯಾಯಿತೆಂದು ಕಂಡುಕೊಂಡರೆ ಬಂಗಾರದಲ್ಲಿ ಬೆರಕೆ ಎಷ್ಟೆಂಬುದು ತಿಳಿಯುತ್ತದೆ.

“ಅಳಿಯಂದ್ರ,” ಎಂದರು ಆಯಿ. “ಜ್ವರಾ ಬಂದು ಹೋದಾಕಿ. ನೀರು ತಣ್ಣಗೈತೇನು?”

ಪರಪ್ಪ ನೀರನ್ನು ಸ್ಪಿರಿಟ್ ದೀಪದ ಮೇಲೆ ಉಗುರುಬೆಚ್ಚಗೆ ಮಾಡಿದ. ನೀರು ಬೆಚ್ಚಗಾದರೆ ಅದರ ಸಾಂದ್ರತೆ ಬದಲಾಗುತ್ತದೆ. ಅದಕ್ಕೊಂದು ತಿದ್ದುಪಡಿ ಹುಡುಕಿ ಲೆಕ್ಕದಲ್ಲಿ ಸೇರಿಸಿದ. ಅಕ್ಕನಿಗೆ ಮೂರು ಸಲ ಸ್ನಾನವಾಯಿತು. ಬಿಲ್ಲೆಯ ಸಾಂದ್ರತೆ ಮೂರರ ಸರಾಸರಿಯಲ್ಲಿ ಬಂದದ್ದು ಹದಿನೈದು ಪಾಯಿಂಟ್ ಆರು. ಅಪ್ಪಟ ಬಂಗಾರ ಹತ್ತೊಂಬತ್ತರ ಮೇಲೆ ಇರುತ್ತದೆ. ಚಕ್ರವರ್ತಿಗಳು ಅ‍ಪ್ಪಟಕ್ಕೆ ಹತ್ತಿರವಿರುವವರೆಂದು ಪುಸ್ತಕ ಹೇಳಿತ್ತು.

ಅವನು ಭೂತಗನ್ನಡಿ ತೆಗೆದುಕೊಂಡು ಅಂಚಿನ ಅಕ್ಷರಗಳ ಮೇಲೆ ಹಿಡಿದ. ಹೊಲದಲ್ಲಿ ಬರಿಗಣ್ಣಿಗೆ ಅಕ್ಷರವೆಂದು ಕಂಡದ್ದು ಅಕ್ಷರವಾಗಿರಲಿಲ್ಲ. ಒಂದು ಕಡ್ಡಿ, ಒಂದು ಕೊಕ್ಕೆ, ಮತ್ತೊಂದು ಕಡ್ಡಿ, ಒಂದು ಸೊನ್ನೆ. ಓದು ಬಾರದ ಕೈಯೊಂದು ಓದು ಬರುವವರ ಸಾಲನ್ನು ನೋಡಿ ಗೆರೆ ಎಳೆದಿತ್ತು. ರೆಕ್ಕೆಯ ದೇವತೆಗೆ ಬಲಗಾಲಿನಲ್ಲಿ ಆರು ಬೆರಳು. ಪರಪ್ಪ ಐದು ಸಲ ಎಣಿಸಿದ. ಆಮೇಲೆ ಸ್ಟೂಲಿನ ಮೇಲೆ ಕೂತ. ಗೋಡೆಯ ಮೇಲಿನ ಪ್ರಮಾಣಪತ್ರ ಅವನನ್ನೇ ನೋಡುತ್ತಿತ್ತು.

“ಏನಂತಾಳ?” ಕೇಳಿದರು ಆಯಿ.

“ಇದು ರಾಜನ ಟಂಕಸಾಲಿಂದ ಬಂದಿದ್ದಲ್ರಿ. ರಾಜನ ನಾಣ್ಯ ಮುಂದ ಇಟ್ಕೊಂಡು ನಮ್ಮ ಕಡಿ ಅಕ್ಕಸಾಲಿಗ ಯಾರೋ ಮಾಡ್ಯಾನ. ಕೊಳ್ಳಾಗ ಹಾಕ್ಕೊಳ್ಳಾಕಂತಲೇ ಮಾಡ್ಯಾನ.”

“ಯಾವಾಗ?”

“ಬಾಳ ಹಿಂದ. ಎಷ್ಟು ಹಿಂದ ಅಂತ ಈ ನೀರು ಹೇಳೂದಿಲ್ಲ.”

“ಅವಾ ರಾಜನ್ನ ನೋಡಿದ್ನೇನು?”

“ಎಲ್ಲಿ ನೋಡ್ತಾನ್ರಿ. ಸಮುದ್ರ ದಾಟಿ, ಮರುಭೂಮಿ ದಾಟಿ ಹೋಗಬೇಕು.”

“ಮತ್ತ ಈ ಕಣ್ಣು, ಈ ಗಲ್ಲ ಯಾರನ್ನ ನೋಡಿ ಮಾಡ್ದಾ?”

ಸುರುಳಿ ಕಟ್ಟಿಸಿದ ಪುಸ್ತಕದ ನಾಲ್ಕುನೂರು ಪುಟಗಳು ಪರಪ್ಪನ ಮನಸ್ಸಿನಲ್ಲಿ ಸರಸರನೆ ತಿರುಗಿದವು. ಯಾವ ಪುಟದಲ್ಲೂ ಈ ಪ್ರಶ್ನೆ ಇರಲಿಲ್ಲ. ಅವನು ಬಾಗಿ ಮತ್ತೊಮ್ಮೆ ಮುಖ ನೋಡಿದ. ಅಗಲವಾದ ಕಣ್ಣು, ದುಂಡು ಗಲ್ಲ, ಸ್ವಲ್ಪ ಓರೆಯಾದ ತುಟಿ. ಯಾರೋ ಎದುರಿಗೆ ಕೂತು, ಬೇಗ ಮುಗಿಸು ರೊಟ್ಟಿ ಆರುತ್ತದೆ ಎನ್ನುತ್ತಿದ್ದ ಹಾಗಿತ್ತು.

“ಗೊತ್ತಿಲ್ರಿ ಆಯಿ,” ಎಂದ. ಪ್ರಮಾಣಪತ್ರ ಬಂದ ಮೇಲೆ ಅವನು ಆ ಮಾತು ಆಡಿದ್ದು ಅದೇ ಮೊದಲು.

“ಸಾಲಿ ಕಲ್ತದ್ದು ಈಗ ಉಪಯೋಗಕ್ಕ ಬಂತು ನೋಡು,” ಎಂದರು ಇಂದ್ರಾಬಾಯಿ.

ಸೋಮವಾರ ತಹಶೀಲ್ದಾರರ ಕೋಣೆ ತುಂಬಿತ್ತು. ಹೊರಗೆ ವರಾಂಡದಲ್ಲಿ ಜರಡಿ ಹಿಡಿದವರು ಕೆಲವರು ತೀರ್ಪಿಗೆ ಕಾದಿದ್ದರು. ತಹಶೀಲ್ದಾರ ರಾಜೇಶ್ವರಿ ನಲವತ್ತರ ಒಳಗಿನವರು, ಮಾತು ಕಡಿಮೆ. ಮೊದಲು ಭೀಮುವನ್ನು ಕರೆದರು.

“ನಿಮ್ಮ ಹೊಲ ಅವರ ಹೊಲಕ್ಕ ಹತ್ತಿ ಐತಿ. ನಿಮಗೇನರೆ ಸಿಕ್ಕೈತೇನು?”

ಭೀಮು ನೆಲ ನೋಡಿದ. “ಸಿಕ್ಕೈತ್ರಿ.”

ವರಾಂಡದಲ್ಲಿ ಜರಡಿಗಳು ಎದ್ದು ನಿಂತವು.

“ಏನು?”

“ನನ್ನ ಕುಂಟಿ ಕುಡ, ಕಬ್ಬಿಣದ್ದು. ಏಳು ವರ್ಷದ ಹಿಂದ ಕಳದಿತ್ತು. ಸಿದ್ದಲಿಂಗವ್ವಾಯಿ ಮನ್ಯಾವ್ರು ಕದ್ದಾರ ಅಂತ ಊರೆಲ್ಲಾ ಹೇಳಿದ್ದೆ.” ಕೈ ಕೊಡವಿ ಸೇರಿಸಿದ, “ಅಷ್ಟ ಬಿಟ್ರ ಮಣ್ಣು. ಮೂರೆಕರೆ ಮಣ್ಣು.”

“ಏಳು ವರ್ಷದಿಂದ ನಮ್ಮನಿಗೆ ಮಜ್ಜಿಗಿಗೆ ಬಂದಿಲ್ಲ ಇಂವ,” ಎಂದರು ಆಯಿ ತಹಶೀಲ್ದಾರರಿಗೆ. “ನಾಳಿಂದ ಬಾರೋ.”

ಮುಂದೆ ಸಾಕ್ಷಿಗೆ ಬಂದವರು ಇಂದ್ರಾಬಾಯಿ. ಹೊಲದಲ್ಲಿ ಅವರು ನಕ್ಕಿದ್ದನ್ನು ನೆನೆದು ಸುವರ್ಣಾ ಕಣ್ಣು ಮುಚ್ಚಿದಳು.

“ನಾ ತಂಗಡಗಿಗೆ ಸೊಸಿಯಾಗಿ ಬಂದು ಅರವತ್ತು ವರ್ಷ ಆತ್ರಿ. ಬಂದ ದಿನಾನ ಇಕಿ ಕೊಳ್ಳಾಗ ಅಕ್ಕನ್ನ ನೋಡೇನಿ. ಇಕಿ ಕೂಡ ಜಗಳಾಡಿ ಮಾತು ಬಿಟ್ಟಾಗೆಲ್ಲಾ ಅಕ್ಕನ ಕೂಡ ಮಾತಾಡ್ತಿದ್ದೆ. ಅಕ್ಕ ಇಕಿಗಿಂತ ಚಲೋ ಹೆಣ್ಮಗಳು.”

ತಹಶೀಲ್ದಾರರು ಪರಪ್ಪನತ್ತ ತಿರುಗಿದರು. ತಜ್ಞರ ಹೇಳಿಕೆಯ ನಮೂನೆ ಮೇಜಿನ ಮೇಲಿತ್ತು. ಅದರ ಐದನೆಯ ಅಂಕಣ: ವಸ್ತುವಿನ ಮೇಲಿನ ಚಿತ್ರ ಯಾರದು.

“ಚಿತ್ರದಾಗ ಅದು ಮಣ್ಣಿನ ಮ್ಯಾಲ ಐತಿ. ನೀವ ಹಾಕಿದ್ದು. ರೋಮನ್ ಅಂತ ನೀವ ಬರದೀರಿ. ಚಕ್ರವರ್ತಿ ಅಂತ ಇಲ್ಲೂ ಬರದ್ರ ನಾನು ಇಲಾಖೆಗೆ ಕಳಿಸಬೇಕಾಗ್ತದ. ಉತ್ತರ ಬರೂತನಕ ಖಜಾನೆ.”

“ಉತ್ತರ ಎಷ್ಟು ದಿನಕ್ಕ ಬರ್ತೈತ್ರಿ?”

“ಬೇರೆ ಊರಾಗ ಇದ್ದಾಗ ಒಂದು ಕಲ್ಲಿನ ಬಗ್ಗೆ ಬರದಿದ್ದೆ. ಕಲ್ಲು ಈಗಲೂ ಕಾಯಾಕತ್ತದ. ಅದಕ್ಕ ಊಟದ ತೊಂದರಿ ಇಲ್ಲ.”

ಪರಪ್ಪ ಭೂತಗನ್ನಡಿ ತೆಗೆದು ಮುಂದಿಟ್ಟ. “ಮೇಡಂ, ತೂತು ನೋಡ್ರಿ. ಕೊರದಾಗ ದುಂಡಗಿತ್ತು. ಈಗ ಎರಡೂ ಮ್ಯಾಲಕ್ಕ ಉದ್ದ ಆಗ್ಯಾವ, ಕಣ್ಣೀರಿನ ಹನಿ ಹಂಗ. ದಾರ ತಿಂದದ್ದು. ಸವೆದ ಕಡಿ ನುಣುಪಾಗೇತಿ, ಹೊಳೀತೈತಿ. ಮಣ್ಣಾಗ ಇದ್ದ ಬಂಗಾರಕ್ಕ ಯಾರೂ ದಿನಾ ದಾರ ಎಳಿಯೂದಿಲ್ರಿ. ನಿನ್ನೆ ಮೊನ್ನೆ ತನಕ ಕೊಳ್ಳಾಗ ಇದ್ದದ್ದು ಇದು. ಮಣ್ಣಿನ ಮ್ಯಾಲ ಇಟ್ಟಾವ ನಾನು. ಹಿನ್ನೆಲಿ ಕಪ್ಪಗಿರಲಿ ಅಂತ.”

ರಾಜೇಶ್ವರಿಯವರು ಬಹಳ ಹೊತ್ತು ನೋಡಿದರು. ಒಮ್ಮೆ ದಾರವನ್ನು ತಾವೇ ಎಳೆದು, ತೂತಿನ ಸವೆತದೊಳಗೆ ಅದು ಹೇಗೆ ಕೂರುತ್ತದೆಂದು ಪರೀಕ್ಷಿಸಿದರು. ತಲಾಟಿಗೆ ಕೊಟ್ಟರು. ತಲಾಟಿ ನೋಡಿ, ತಲೆಯಾಡಿಸಿ, ಇಂದ್ರಾಬಾಯಿಗೆ ಕೊಟ್ಟರು. ಇಂದ್ರಾಬಾಯಿ ಭೂತಗನ್ನಡಿಯಲ್ಲಿ ಆಯಿಯ ಮುಖ ನೋಡಿ ಹಿಂದಿರುಗಿಸಿದರು.

“ಹಂಗಾದ್ರ ಐದನೇದು?” ಎಂದರು ತಹಶೀಲ್ದಾರರು.

ಪರಪ್ಪ ಪೆನ್ನು ಹಿಡಿದ. ಚಕ್ರವರ್ತಿ ಎಂದು ಬರೆದರೆ ಸುಳ್ಳು, ಆ ಅಕ್ಕಸಾಲಿಗ ಚಕ್ರವರ್ತಿಯನ್ನು ಕಂಡವನಲ್ಲ. ನೀಲವ್ವ ಎಂದು ಬರೆಯಲು ಪುರಾವೆ ಇಲ್ಲ. ಹಳೆಯದು ಎಂದು ಬರೆಯುವ ಆಸೆ ಒಂದು ಕ್ಷಣ ಬಂತು, ಅದು ಅಂಕಣಕ್ಕೆ ಉತ್ತರವಲ್ಲ. ಕೋಣೆಯಲ್ಲಿ ಎಲ್ಲರೂ ಅವನ ಪೆನ್ನಿನ ತುದಿ ನೋಡುತ್ತಿದ್ದರು. ಆಯಿ ಮಾತ್ರ ಬಿಲ್ಲೆಯನ್ನು ನೋಡುತ್ತಿದ್ದರು. ಕೊನೆಗೆ ಅವನು ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ಬರೆದ: “ತಜ್ಞರಿಗೆ ಗುರುತು ಸಿಕ್ಕಿಲ್ಲ. ಮನೆಯವರಿಗೆ ಗುರುತಿದೆ.”

ತಹಶೀಲ್ದಾರರು ಅದನ್ನು ಎರಡು ಸಲ ಓದಿದರು. ಕೆಳಗೆ “ಮನೆತನದ ಆಭರಣ, ನೆಲದಲ್ಲಿ ದೊರೆತದ್ದಲ್ಲ” ಎಂದು ಸೇರಿಸಿ ಸಹಿ ಹಾಕಿದರು. ಗುಮಾಸ್ತರು ಮೊಹರು ಒತ್ತಿದರು. ವರಾಂಡದ ಜರಡಿಗಳು ಒಂದೊಂದಾಗಿ ಬಸ್ ನಿಲ್ದಾಣದ ಕಡೆ ನಡೆದವು.

ಗಂಟೆ ಒಂದೂವರೆಯಾಗಿತ್ತು. ಆಯಿ ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲ, ಖಜಾನೆಗೆ ಹೋಗುವವಳಿಗೆ ಹಾದಿಯಲ್ಲಿ ಎಡೆ ಹಿಡಿಯುವುದು ಸರಿಯಲ್ಲವೆಂದು. ಈಗ ವರಾಂಡದಲ್ಲೇ ಬುತ್ತಿ ಬಿಚ್ಚಿ, ರೊಟ್ಟಿಯ ಪಕ್ಕ ಬಿಲ್ಲೆ ಇಟ್ಟು, “ಉಣ್ಣವ್ವ ಅಕ್ಕ. ಮೊಹರು ಬಿತ್ತು ನಿನಗ” ಎಂದರು. ಅಕ್ಕನ ನಂತರದ ರೊಟ್ಟಿ ತಹಶೀಲ್ದಾರರಿಗೆ ಹೋಯಿತು. ಮೂರನೆಯದು ಭೀಮುವಿಗೆ. ಅಳಿಯನ ಸರದಿ ಬರುವಾಗ ಎಣ್ಣೆಗಾಯಿ ಮುಗಿದು ಬರೀ ಎಣ್ಣೆ ಉಳಿದಿತ್ತು. ಸುವರ್ಣಾ ಅದನ್ನೇ ಬಡಿಸಿದಳು. ಬಡಿಸಿದಳು ಎಂಬುದೇ ದೊಡ್ಡದು.

ಪರಪ್ಪ ತೂಕ, ಅಡ್ಡಳತೆ, ಸಾಂದ್ರತೆ, ಬೆಚ್ಚಗಿನ ನೀರಿನ ತಿದ್ದುಪಡಿ ಎಲ್ಲವನ್ನೂ ಶಿಬಿರದ ಹಿರಿಯರಿಗೆ ಬರೆದ. ವಾರದೊಳಗೆ ಉತ್ತರ ಬಂತು. ಇಲ್ಲಿಯೇ ಮಾಡಿದ ಇಂಥ ಪ್ರತಿಗಳೇ ತಮ್ಮ ಕುತೂಹಲಕ್ಕೆ ಹೆಚ್ಚು ಹತ್ತಿರವೆಂದೂ, ಬೇಗ ಒಳ್ಳೆಯ ಚಿತ್ರ ಕಳಿಸಿದರೆ ಹೆಸರಿನೊಂದಿಗೆ ಅಚ್ಚು ಹಾಕಿಸುವುದಾಗಿಯೂ ಬರೆದಿದ್ದರು. ಪರಪ್ಪ ತಂಗಡಗಿಗೆ ಫೋನು ಮಾಡಿ ಅಪ್ಪಣೆ ಕೇಳಿದ. ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದರು ಆಯಿ. ಅದಾಗಿ ಈಗ ಎರಡು ತಿಂಗಳು. ಅಕ್ಕ ಇನ್ನೂ ಸುಮ್ಮನಿದ್ದಾಳಂತೆ.

ಅವನು ಕಾಯುತ್ತಿದ್ದಾನೆ. ಕಾಯುವಾಗ ಸುರುಳಿ ಕಟ್ಟಿಸಿದ ಪುಸ್ತಕ ತೆರೆಯುತ್ತಾನೆ. ಆದರೆ ಮೊದಲಿನ ಹಾಗೆ ಓದಲು ಆಗುತ್ತಿಲ್ಲ. ಪುಟ ತಿರುಗಿಸಿದಷ್ಟೂ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ಒಬ್ಬರ ಹಿಂದೆ ಒಬ್ಬರು ತಲೆಗೆ ಸಿಂಬಿ, ಹೆಗಲಿಗೆ ಒನಕೆ, ಬಗಲಲ್ಲಿ ರೊಟ್ಟಿ ಬುಟ್ಟಿ ಹಿಡಿದು, ಬಿಸಿಲೇರುವ ಮೊದಲು ಹೊಲ ಮುಟ್ಟಬೇಕೆಂಬ ಅವಸರದಲ್ಲಿ ಅವನನ್ನೇ ದಿಟ್ಟಿಸುತ್ತಿರುತ್ತಾರೆ.